ಬಿಸಿನೀರಿನ ಅಪಸ್ಮಾರ: ವೈದ್ಯರು ಕೇಳಬೇಕಾದ ಪ್ರಶ್ನೆ

ತೆಂಗಿನ ಸೋಗೆಯುರಿಸಿ ಹಂಡೆ ಕಾಯಿಸಿ, ಹಬ್ಬದ ಬೆಳಗ್ಗೆ ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹೊಯ್ಯಿಸಿಕೊಳ್ಳುವ ಸುಖವನ್ನು ಬಲ್ಲ ಮಂಡ್ಯ ಜಿಲ್ಲೆಯ ಕ್ಯಾತನಹಳ್ಳಿ ಸೀಮೆಯವರಿಗೆ, ಆ ಅಭ್ಯಂಜನವೇ ಕೆಲವರಲ್ಲಿ ಮೂರ್ಛೆಯನ್ನು ಬಡಿದೆಬ್ಬಿಸುವುದೆಂಬ ಮಾತು ಒಗಟಿನಂತೆ ತೋರೀತು. ನ್ಯೂಜಿಲೆಂಡಿನಿಂದ 1945ರಲ್ಲಿ ಮೊದಲು ವರದಿಯಾದ, ಅನ್ಯದೇಶಗಳಲ್ಲಿ ಅತಿವಿರಳವಾದ ಈ ‘ಬಿಸಿನೀರಿನ ಅಪಸ್ಮಾರ’ವು ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಆಶ್ಚರ್ಯಪಡುವಷ್ಟು ಸಾಮಾನ್ಯವೆಂಬುದನ್ನು ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರು 1968ರಿಂದೀಚೆಗೆ ಬರೆದ ಲೇಖನಗಳು ವೈದ್ಯಲೋಕಕ್ಕೆ ತಿಳಿಸಿದವು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಈ ಸಂಶೋಧನೆಯಲ್ಲಿ ನನ್ನನ್ನು ಬಹುವಾಗಿ ಸೆಳೆದುದು ರೋಗನಿರ್ಣಯದ ಕ್ರಮ. ಮೂರ್ಛೆಯಿಲ್ಲದ ವೇಳೆಯಲ್ಲಿ ಮಿದುಳಿನ ವಿದ್ಯುಲ್ಲೇಖವನ್ನು ತೆಗೆದರೆ ಅದು ಬಹುಮಂದಿಯಲ್ಲಿ ಸಹಜವಾಗಿಯೇ ಕಾಣುವುದರಿಂದ, ನೀರು ಎಷ್ಟು ಕಾದಿತ್ತು, ಮೊದಲು ಬಿದ್ದುದು ಮೈಗೋ ತಲೆಗೋ, ಎಷ್ಟನೆಯ ಚೊಂಬಿಗೆ ಕಣ್ಣು ಮಂಕಾಯಿತು ಎಂದು ಕೇಳದ ವೈದ್ಯನಿಗೆ ರೋಗವು ಸಿಕ್ಕುವುದೇ ಇಲ್ಲ. ಕೇಳಿದವನಿಗೂ ಉತ್ತರ ದೊರೆಯುವುದು ಎಚ್ಚರ ತಪ್ಪಿದ ರೋಗಿಯಿಂದಲ್ಲ, ಪಕ್ಕದಲ್ಲಿ ನಿಂತು ನೀರು ಹೊಯ್ದ ತಾಯಿಯಿಂದಲೋ ಅತ್ತೆಯಿಂದಲೋ. (ಕೆಲವರಂತೂ ಆ ಮಂಪರಿನಲ್ಲಿ ಸುಖವನ್ನು ಕಂಡು, ಬೇಡವೆಂದರೂ ಕೇಳದೆ ಹೊಯ್ದುಕೊಳ್ಳುತ್ತಲೇ ಇರುವರು, ಇದನ್ನು ಹಟವೆಂದೋ ಗಾಳಿಯ ಸೋಂಕೆಂದೋ ತಿಳಿದವರನ್ನು ಹೇಗೆ ದೂಷಿಸುವುದು?)

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿನ ಕಥೆ ತಿಳಿಯದು. ಮಣಿಯವರ ತಂಡ ಯಳಂದೂರು ಪ್ರದೇಶದ ಸುಮಾರು 65,000 ಜನರ ಮನೆಮನೆಗೆ ಹೋಗಿ ವಿಚಾರಿಸಿದಾಗ, ಸಾವಿರಕ್ಕೆ ನಾಲ್ವರಿಗೂ ಮೀರಿ ಅಪಸ್ಮಾರಿಗಳು ದೊರೆತರು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ಗಳೆಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂಬ ಆ ಅಧ್ಯಯನದ ಫಲವನ್ನು 2001ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ದೊಡ್ಡ ಪತ್ರಿಕೆಯ ಮನ್ನಣೆಗಿಂತ ಆ ಮನೆಮನೆಯ ನಡಿಗೆಯೇ ನನಗೆ ದೊಡ್ಡದು.

ಬಿಸಿನೀರಿನ ಅಪಸ್ಮಾರಕ್ಕಾದರೋ ಚಿಕಿತ್ಸೆ ಇನ್ನೂ ಸುಲಭ: ಉಗುರುಬೆಚ್ಚಗಿನ ನೀರು, ತಲೆಗೆ ಸುರಿಯುವ ಬದಲು ಒದ್ದೆಬಟ್ಟೆಯ ಒರೆಸುವಿಕೆ, ಅದು ಸಾಲದಿದ್ದರೆ ವೈದ್ಯರ ಸಲಹೆಯಂತೆ ಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ಮಾತ್ರೆ. ಸ್ನಾನವಿಲ್ಲದೆಯೂ ಮೂರ್ಛೆ ಬರತೊಡಗಿದವರು ಮಾತ್ರ ನಿತ್ಯ ಔಷಧಿಯನ್ನು ಸೇವಿಸಬೇಕಾಗುತ್ತದೆ.

ಇಷ್ಟೆಲ್ಲ ಈ ನೆಲದಲ್ಲಿಯೇ ತಿಳಿದುಬಂದಿರಲು, ಫಿಟ್ಸ್ ಎಂದು ಬಂದ ಪ್ರತಿಯೊಬ್ಬರನ್ನೂ ‘ಸ್ನಾನ ಮಾಡುವುದು ಹೇಗೆ?’ ಎಂದು ಕೇಳುವುದು ಮಂಡ್ಯ ಜಿಲ್ಲೆಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವಾಡಿಕೆಯಾಗತಕ್ಕದ್ದು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ವೈದ್ಯರಲ್ಲಿಗೆ ಹೋಗುವಾಗ ನೀರು ಹೊಯ್ದವರನ್ನೂ ಜೊತೆಗೆ ಕರೆದೊಯ್ಯಿರಿ. ಅಲ್ಲಿಯ ತನಕ ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಲು ಬಿಡಬೇಡಿ.