ಲಾರಿಯ ಹೊಗೆಕೊಳವೆ ಮತ್ತು ಅರಬೈಲಿನ ಇಳಿಜಾರು

ಬಯಲುಸೀಮೆಯ ಲಾರಿಯೊಂದರ ಹೊಗೆಕೊಳವೆಯ ಕುರಿತು ಮಲೆನಾಡಿನ ಪತ್ರಿಕೆ ಬರೆಯುವುದೇಕೆ ಎಂದು ಓದುಗ ಮಿತ್ರರು ಕೇಳಬಹುದು. ಉತ್ತರ ರಸ್ತೆಯಲ್ಲಿಯೇ ಇದೆ. ಸೊಲ್ಲಾಪುರದಿಂದ ಇಂಡಿ ತಾಲ್ಲೂಕಿನ ಹೊರ್ತಿಯನ್ನು ಹಾದು ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52, ಹುಬ್ಬಳ್ಳಿಯ ಮೂಲಕ ಯಲ್ಲಾಪುರವನ್ನು ಹೊಕ್ಕು, ಅರಬೈಲು ಘಟ್ಟವನ್ನು ಇಳಿದು ಅಂಕೋಲೆಯಲ್ಲಿ ಕೊನೆಗೊಳ್ಳುತ್ತದೆ. ಇಂಡಿಯ ಲಿಂಬೆ, ಸಿಂದಗಿಯ ತೊಗರಿ, ಬಸವನ ಬಾಗೇವಾಡಿಯ ಈರುಳ್ಳಿ, ಮುದ್ದೇಬಿಹಾಳದ ಕಾಳುಕಡಿ ಕರಾವಳಿಗೆ ಹೊರಟರೆ ನಮ್ಮ ಮನೆಯಂಗಳದ ಮುಂದೆಯೇ ಹಾಯಬೇಕು. ಅಲ್ಲಿನ ಗ್ಯಾರೇಜಿನಲ್ಲಿ ಲಾರಿಗೆ ಏನು ಮಾಡುತ್ತಾರೆ ಎಂಬುದು ಆ ಕಾರಣದಿಂದ ಅಲ್ಲಿನವರ ಸ್ವಂತ ವಿಷಯವಾಗಿ ಉಳಿದಿಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ವಾರ ಓಡಾಡುವ ಅವಕಾಶ ನನಗೆ ಒದಗಿತ್ತು. ಸಿಂದಗಿಯ ಹಾದಿಯಲ್ಲಿ ಗ್ಯಾರೇಜೊಂದರ ಎದುರು, ಇಪ್ಪತ್ತು ವರ್ಷ ದಾಟಿದ ಆರು ಸಿಲಿಂಡರಿನ ಟರ್ಬೊ ಲಾರಿಯೊಂದು ನಿಂತಿತ್ತು. ಅದರ ಸೈಲೆನ್ಸರನ್ನು ಕಳಚಿ ಬೇವಿನ ಮರಕ್ಕೆ ಒರಗಿಸಿದ್ದರು. ಆ ಜಾಗಕ್ಕೆ ಅಗಲವಾದ ನೇರ ಪೈಪೊಂದನ್ನು ವೆಲ್ಡಿಂಗ್ ಮಾಡಲಾಗುತ್ತಿತ್ತು. ಏಕೆಂದು ಕೇಳಿದೆ. "ಗಾಡಿ ಉಸುರು ಬಿಡಬೇಕಲ್ರಿ ಸರ. ಪೈಪ್ ಸಣ್ಣದಿದ್ರ ಟರ್ಬೊ ಕಟ್ಟಿ ಹಾಕಿದಂಗ ಆಗತೈತಿ" ಎಂದರು ಮಿಸ್ತ್ರಿ.

ಆ ಮಾತು ಸುಳ್ಳಲ್ಲ. ಅದನ್ನು ಮೊದಲು ಒಪ್ಪಿಕೊಂಡೇ ಜಗಳಕ್ಕೆ ಇಳಿಯಬೇಕು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯೇ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಟರ್ಬೊವನ್ನು ದಾಟಿದ ಮೇಲೆ ಹೊಗೆ ಎಷ್ಟು ಸಲೀಸಾಗಿ ಹೊರಹೋದೀತೋ ಅಷ್ಟು ಒಳ್ಳೆಯದು. ಹಿಂದೆ ಒತ್ತಡ ನಿಂತರೆ ಚಕ್ರದ ಬಲ ಕುಗ್ಗುತ್ತದೆ. ಹಳೆಯ ಲಾರಿಗಳಲ್ಲಿ ಸೈಲೆನ್ಸರಿನ ಒಳಗೆ ಮಸಿ ಗಟ್ಟಿಕಟ್ಟಿರುತ್ತದೆ, ತಿರುವುಗಳು ಜಜ್ಜಿರುತ್ತವೆ, ತುಕ್ಕು ಹಿಡಿದ ತಗಡು ಒಳಗೇ ಕಳಚಿಬಿದ್ದು ದಾರಿ ಮುಚ್ಚಿರುತ್ತದೆ. ಅಂಥ ಪೈಪನ್ನು ಬದಲಿಸುವುದು ತಪ್ಪಲ್ಲ. ಬದಲಿಸದೆ ಓಡಿಸುವುದೇ ತಪ್ಪು.

ಆದರೆ ಹೊಸ ಪೈಪು ತಾನಾಗಿಯೇ ಎಂಜಿನ್ನಿಗೆ ಶಕ್ತಿ ಕೊಡುವುದಿಲ್ಲ. ಕಟ್ಟಿಹೋದ ದಾರಿ ತೆರೆದರೆ ಕಳೆದುಹೋದದ್ದು ಮರಳಿ ಬಂದೀತು, ಅಷ್ಟೇ. ಪೈಪಿಗೆ ಹಣ ಸುರಿದ ಮಾಲೀಕನಿಗೆ ಅಷ್ಟು ಸಾಲದು. ಅವನಿಗೆ ಇನ್ನೂ ನಾಲ್ಕು ಟನ್ ಹೊರುವ ಲಾರಿ ಬೇಕು. ಆಗ ನಡೆಯುವುದು ಎರಡನೆಯ ಕೆಲಸ: ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸುವುದು. ಟರ್ಬೊ ಸಾಕಷ್ಟು ಗಾಳಿ ಒತ್ತುವ ತನಕ ಡೀಸೆಲನ್ನು ತಡೆಹಿಡಿಯುವ ಸಣ್ಣ ಸಾಧನವೊಂದು ಅನೇಕ ಹಳೆಯ ಪಂಪುಗಳಲ್ಲಿರುತ್ತದೆ, ಅದನ್ನೂ ಸಡಿಲಿಸುತ್ತಾರೆ. ಈಗ ಡೀಸೆಲ್ ಬೇಕಾದಷ್ಟು, ಗಾಳಿ ಮಾತ್ರ ಕಡಿಮೆ. ಪೂರ್ತಿ ಉರಿಯದ ಡೀಸೆಲು ಮಸಿಯಾಗಿ ಹೊರಬರುತ್ತದೆ. ಏರಿನಲ್ಲಿ ಮೊದಲ ಗೇರಿನಲ್ಲಿ ತೆವಳುವ ಲಾರಿಯ ಹಿಂದೆ ಸೈಕಲ್ ತುಳಿದು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಆ ಮಸಿಯ ಪರಿಚಯ ಚೆನ್ನಾಗಿದೆ. ಅದು ಶಕ್ತಿಯ ಲಕ್ಷಣವೆಂದು ನಂಬಿದ ಚಾಲಕರು ಬಹಳ. ಪೆಟ್ರೋಲ್ ಬಂಕಿನಲ್ಲಿ ಹಣ ಕೊಟ್ಟು ತಂದ ಡೀಸೆಲೇ ಆಕಾಶಕ್ಕೆ ಹೋಗುತ್ತಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೊಗೆಯ ಉಷ್ಣತೆ ಏರಿ ಪಿಸ್ಟನ್ ಕರಗುವುದು, ಟರ್ಬೊದ ಎಲೆಗಳು ಹಾಳಾಗುವುದು ಆಮೇಲಿನ ಮಾತು. ಆ ಬಿಲ್ಲೂ ಮಾಲೀಕನದೇ.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿಸ್ಸಂದಿಗ್ಧವಾಗಿ ಸಾರಿತು. 2020ರ ಏಪ್ರಿಲ್‌ನಿಂದ ದೇಶದ ಬಂಕುಗಳಲ್ಲಿ ದೊರೆಯುವ ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 10 ಪಾಲು; 2010ರ ಮಟ್ಟಕ್ಕೆ ಅದು 350 ಇತ್ತು. ಎಣ್ಣೆಯನ್ನು ಶುದ್ಧಗೊಳಿಸಲು ಸರ್ಕಾರ ಇಷ್ಟು ಮಾಡಿರುವಾಗ, ಒಂದು ಸ್ಕ್ರೂಡ್ರೈವರಿನಿಂದ ಅದರ ಫಲವನ್ನು ರಸ್ತೆಬದಿಯಲ್ಲಿ ಚೆಲ್ಲುವುದು ಯಾವ ಜಾಣತನ?

ಇಷ್ಟು ಹೊಗೆಯ ಮಾತು. ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಬೇರೆ. ಬೇವಿನ ಮರಕ್ಕೆ ಒರಗಿದ ಆ ಹಳೆಯ ಪೈಪಿನೊಡನೆ ಎಕ್ಸಾಸ್ಟ್ ಬ್ರೇಕಿನ ಕವಾಟವೂ ಬಿದ್ದಿತ್ತು. ವಿದ್ಯಾರ್ಥಿಗಳಿಗಾಗಿ ಇದನ್ನು ಬಿಡಿಸಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿನಂತೆ ಹಳೆಯ ಡೀಸೆಲ್ ಎಂಜಿನ್ನು ಕಾಲು ತೆಗೆದ ಕೂಡಲೇ ವಾಹನವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಅದರೊಳಕ್ಕೆ ಗಾಳಿ ಸರಾಗವಾಗಿ ಹೋಗಿಬರುತ್ತಲೇ ಇರುತ್ತದೆ. ಆದ್ದರಿಂದ ಭಾರಿ ಲಾರಿಗಳ ಹೊಗೆಕೊಳವೆಯಲ್ಲಿ ಟರ್ಬೊದ ನಂತರ ಒಂದು ಕವಾಟವಿಡುತ್ತಾರೆ. ಇಳಿಜಾರಿನಲ್ಲಿ ಚಾಲಕ ಅದನ್ನು ಮುಚ್ಚಿದರೆ ಹೊಗೆಯ ದಾರಿ ಕಟ್ಟಿ, ಆ ಒತ್ತಡದ ವಿರುದ್ಧ ಸೆಣಸುವ ಎಂಜಿನ್ನೇ ಲಾರಿಯನ್ನು ತಡೆಯುತ್ತದೆ. ಚಕ್ರದ ಬ್ರೇಕುಗಳಿಗೆ ಬಿಡುವು ಸಿಗುತ್ತದೆ. ಅದಿಲ್ಲದಿದ್ದರೆ ಘಟ್ಟದುದ್ದಕ್ಕೂ ಚಕ್ರದ ಬ್ರೇಕನ್ನೇ ಒತ್ತಬೇಕು. ಡ್ರಮ್ ಕಾದು, ಲೈನರ್ ಸುಟ್ಟ ವಾಸನೆ ಬಂದು, ಕೊನೆಗೆ ಪೆಡಲ್ ಒತ್ತಿದರೂ ಲಾರಿ ನಿಲ್ಲದ ಗಳಿಗೆ ಬರುತ್ತದೆ.

ಈ ಕವಾಟವೂ ದಾರಿಗೆ ಅಡ್ಡವೆಂದು ತೆಗೆದುಹಾಕಿದ್ದರು. ಮತ್ತೆ ಹಾಕುವುದಿಲ್ಲವೇ ಎಂದೆ. ಮಾಲೀಕರು ನಕ್ಕರು. "ನಮ್ಮ ಕಡೆ ಘಾಟ್ ಎಲ್ಲೈತ್ರಿ?"

ಅವರ ಮಾತೂ ಸರಿಯೇ. ಭೀಮೆಯಿಂದ ಕೃಷ್ಣೆಯವರೆಗೆ ಕಣ್ಣು ಹಾಯುವಷ್ಟೂ ಬಯಲು. ಕಬ್ಬಿನ ಹಂಗಾಮು ಮುಗಿದ ಮೇಲೆ ಲಾರಿ ಏನು ಮಾಡುತ್ತದೆ ಎಂದು ಕೇಳಿದೆ. ಬಾಡಿಗೆ ಸಿಕ್ಕ ಕಡೆ ಹೋಗುತ್ತದೆ. ಅಂಕೋಲೆ, ಕಾರವಾರ, ಮಂಗಳೂರು. ಆ ಮಾತಿನೊಳಗೇ ಅರಬೈಲು ಇತ್ತು, ಆದರೆ ಅವರಿಗೆ ಕಾಣಲಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಬಿದ್ದು ಹಣ್ಣು ತರಕಾರಿ ಮಾರುವ ಹತ್ತು ಮಂದಿ ಸತ್ತರು. ಆ ದುರಂತಕ್ಕೂ ಹೊಗೆಕೊಳವೆಗೂ ನಂಟು ಕಲ್ಪಿಸಿದರೆ ಅದು ಅನ್ಯಾಯ. ಆದರೆ ಆ ರಸ್ತೆ ತಪ್ಪನ್ನು ಎಷ್ಟು ಮನ್ನಿಸುತ್ತದೆ ಎಂಬುದನ್ನು ಘಟ್ಟದವರಿಗೆ ಹೇಳಿಕೊಡಬೇಕಿಲ್ಲ. ಅಂಥ ರಸ್ತೆಗೆ ಒಂದು ಬ್ರೇಕನ್ನು ಮರದ ಬುಡದಲ್ಲಿ ಬಿಟ್ಟು ಬರುವುದೇ?

ಕಾನೂನು ಇಲ್ಲವೆಂದಲ್ಲ. ತಯಾರಕರು ನಮೂದಿಸಿದ ರಚನೆಯನ್ನು ಮನಬಂದಂತೆ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಬೇಕೆಂದು ಕೇಂದ್ರ ನಿಯಮಗಳ 120ನೆಯ ನಿಯಮ ಹೇಳುತ್ತದೆ. ಶಬ್ದ ಮತ್ತು ವಾಯುಮಾಲಿನ್ಯದ ಮಟ್ಟ ಮೀರಿದರೆ, 2019ರ ತಿದ್ದುಪಡಿಯ ಬಳಿಕ, ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಡೀಸೆಲ್ ವಾಹನದ ಹೊಗೆ 65 ಹಾರ್ಟ್ರಿಜ್ ಘಟಕ ಮೀರಬಾರದು. ಇನ್ನು ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದಕ್ಕೆ 45 ಡೆಸಿಬೆಲ್ ಮಿತಿ ಎಂಬ 2000ದ ನಿಯಮವನ್ನು ನೇರ ಪೈಪಿನ ಲಾರಿ ನಡುರಾತ್ರಿ ಊರು ಹಾಯುವಾಗ ಯಾರೂ ನೆನೆಯುವುದಿಲ್ಲ. ಹೊಗೆ ತಪಾಸಣೆಯ ಚೀಟಿ ಆ ಲಾರಿಯ ಗಾಜಿಗೂ ಅಂಟಿತ್ತು. ಅದು ಹೇಗೆ ಬಂತೆಂದು ನಾನು ಕೇಳಲಿಲ್ಲ. ಕೇಳಬೇಕಾದವರು ಸಾರಿಗೆ ಇಲಾಖೆಯವರು.

ಬಡ ಮಾಲೀಕನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎನ್ನುವವರಿದ್ದಾರೆ. ನಾವು ಹಳೆಯ ಲಾರಿಗಳನ್ನೆಲ್ಲ ಗುಜರಿಗೆ ಹಾಕಿರೆಂದು ಹೇಳುವವರಲ್ಲ. ಸಾಲದಲ್ಲಿ ಒಂದೇ ಲಾರಿ ಕಟ್ಟಿಕೊಂಡವನು ಹೊಸದನ್ನು ತರಲಾರ. ಆದರೆ ಅವನಿಗೆ ಉಳಿತಾಯ ತರುವ ಕೆಲಸ ಬೇರೆಯೇ ಇದೆ. ಮೊದಲು ಏರ್ ಫಿಲ್ಟರ್ ಬದಲಿಸಲಿ. ಕಬ್ಬಿನ ಗದ್ದೆಯ ಧೂಳಿಗೆ ಅದು ಬೇಗ ಕಟ್ಟುತ್ತದೆ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡಲಿ. ಟರ್ಬೊಗೆ ಮುಂಚೆಯೇ ಹೊಗೆ ಸೋರಿದರೆ ಹಿಂದಿನ ಪೈಪು ಎಷ್ಟು ಅಗಲವಾದರೂ ವ್ಯರ್ಥ. ನೋಜಲ್ ಮತ್ತು ಪಂಪನ್ನು ಯಂತ್ರದ ಮೇಲಿಟ್ಟು ಸರಿಹೊಂದಿಸಲಿ. ಪೈಪು ಬದಲಿಸಲೇಬೇಕಾದರೆ ತಿರುವುಗಳು ಜಜ್ಜದಂತೆ ಬಗ್ಗಿಸಿದ ಕೊಳವೆ, ಎಂಜಿನ್ನಿನ ನಡುಕ ತಡೆಯುವ ಬಾಗುವ ಜೋಡಣೆ, ಹೊಸ ಸೈಲೆನ್ಸರ್ ಹಾಕಿಸಲಿ. ಭಾರವಾದ ಪೈಪು ಟರ್ಬೊದ ಮೇಲೆ ಜೋತುಬೀಳದಂತೆ ಚಾಸಿಗೆ ಬಿಗಿಯಲಿ. ಎಕ್ಸಾಸ್ಟ್ ಬ್ರೇಕಿನ ಕವಾಟ ತೆರೆದಿರುವಾಗ ಅದು ತಡೆಯುವುದು ಬಹಳ ಸ್ವಲ್ಪ. ಅದನ್ನು ತೆಗೆದು ಗಳಿಸುವುದೂ ಅಷ್ಟೇ.

ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿಗೆ ಬಂದಾಗ ಅಲ್ಲಿನ ರೈತರು ಬೀದಿಗಿಳಿದರು. 2014ರ ಜುಲೈನಲ್ಲಿ ಗೋಲಿಬಾರಿನ ಗುಂಡು ಎದುರಿಸಿದರು. ಆಲಮಟ್ಟಿಯ ಹಿನ್ನೀರಿಗೆ ಊರು ಕೊಟ್ಟವರು ಅವರು, ಶರಾವತಿ ಕಾಳಿಗಳ ನೀರಿಗೆ ಊರು ಕೊಟ್ಟವರು ನಾವು. ಆ ದೊಡ್ಡ ಚಿಮಣಿಯ ಹೊಗೆಯನ್ನು ಪ್ರಶ್ನಿಸಿದವರಿಗೆ ತಮ್ಮದೇ ಲಾರಿಯ ಚಿಮಣಿಯನ್ನು ನೋಡಿರೆಂದು ಹೇಳುವ ಸಲಿಗೆ ನಮಗಿದೆ. ಅವರಿಗೂ ನಮ್ಮನ್ನು ಕೇಳುವ ಹಕ್ಕಿದೆ. ನಮ್ಮ ಅಡಿಕೆ, ನಮ್ಮ ಜಲ್ಲಿ, ನಮ್ಮ ಮನೆಯ ಹಂಚು ಬರುವುದು ಯಾವ ಲಾರಿಯಲ್ಲಿ? ಎರಡು ಟನ್ ಹೆಚ್ಚು ತುಂಬಿರೆಂದು ಬಾಡಿಗೆ ಚೌಕಾಸಿ ಮಾಡುವಾಗ ಪಂಪಿನ ಸ್ಕ್ರೂ ತಿರುಗಿಸಿದ್ದು ನಾವೂ ಅಲ್ಲವೇ?

ಸಾರಿಗೆ ಇಲಾಖೆಯಿಂದ ನಾವು ಕೇಳುವುದು ಹೆಚ್ಚಿನದಲ್ಲ. ಯಲ್ಲಾಪುರದಲ್ಲಿ, ಘಟ್ಟ ಇಳಿಯುವ ಮೊದಲು, ಭಾರಿ ಲಾರಿಗಳನ್ನು ನಿಲ್ಲಿಸಿ ಹೊಗೆ ಅಳೆಯಲಿ. ಎಕ್ಸಾಸ್ಟ್ ಬ್ರೇಕಿನ ಗುಂಡಿ ಒತ್ತಿಸಿ ಅದು ಹಿಡಿಯುತ್ತದೆಯೇ ನೋಡಲಿ. ಹಿಡಿಯದಿದ್ದರೆ ಲಾರಿ ಅಲ್ಲಿಯೇ ನಿಲ್ಲಲಿ. ದಂಡದ ರಸೀದಿ ಚಾಲಕನ ಕೈಗೆ ಹೋಗದೆ ಮಾಲೀಕನ ಹೆಸರಿಗೆ ಹೋಗಲಿ.