ಗಾಲಿ ಉರುಳುವ ತನಕ



ಹೋಟೆಲಿನಲ್ಲಿ ದಿನವಿಡೀ ನಿಂತೇ ದುಡಿಯುವ ನಮಗೂ, ಮಿಲ್ಲುಗಳಲ್ಲಿ ಪಾಳಿ ಮಾಡಿದ ನಮ್ಮ ಹಿರಿಯರಿಗೂ ಮೊಣಕಾಲು ನೋವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಕಾಲುಗಳಲ್ಲೇ ಮೆಕ್ಕಾ ಯಾತ್ರೆ ಮಾಡುವ ಮುದುಕರನ್ನು ನೆನೆಯಿರಿ. ಕಾಬಾದ ಸುತ್ತ 7 ಪ್ರದಕ್ಷಿಣೆ. ಆಮೇಲೆ ಸಫಾ, ಮರ್ವಾ ಗುಡ್ಡಗಳ ನಡುವೆ 7 ಸಲ ನಡಿಗೆ. ಈ ಎರಡನೆಯದೇ 3 ಕಿಲೋಮೀಟರಿಗೆ ಮೇಲು. ಬಡವನು ಕಾಸಿಗೆ ಕಾಸು ಕೂಡಿಸಿ ಅಲ್ಲಿಗೆ ಹೋಗುವ ಹೊತ್ತಿಗೆ ಅವನ ಕಾಲು ಸೋತಿರುತ್ತದೆ.

ಇಂಥವರಿಗೆ ಗಾಲಿಕುರ್ಚಿ ಕೊಡುವುದನ್ನು ಮುಸಲ್ಮಾನ ಬಂಧುಗಳು ‘ಸದಕಾ ಜಾರಿಯಾ’ ಎಂದು ಎಣಿಸುತ್ತಾರೆ. ಎಂದರೆ, ಕೊಟ್ಟವನು ಸತ್ತ ಮೇಲೂ ನಡೆಯುತ್ತಿರುವ ದಾನ. ಬಾವಿ ತೋಡಿಸುವುದೂ ಇದೇ ಸಾಲಿನದು. ನಮ್ಮೂರಲ್ಲಿ ಕೆರೆ ಕಟ್ಟಿಸಿದವರ ಮನಸ್ಸೂ ಇದೇ ಅಲ್ಲವೇ?

ಆದರೆ ಹೂಳೆತ್ತದ ಬಾವಿಯಲ್ಲಿ ನೀರಿಲ್ಲ; ಗಾಲಿ ಮುರಿದು ಮೂಲೆ ಸೇರಿದ ಕುರ್ಚಿಯಿಂದ ಯಾರಿಗೂ ಉಪಕಾರವಿಲ್ಲ. ಆದ್ದರಿಂದ ಹತ್ತು ಜನ ಕೂಡಿ ಕುರ್ಚಿ ಕೊಡುವಾಗ ಅದರ ರಿಪೇರಿಗೂ ದುಡ್ಡು ತೆಗೆದಿಡಬೇಕು. ಇನ್ನೊಂದು ಮಾತು: ಕುರ್ಚಿ ತಾನಾಗಿ ಉರುಳುವುದಿಲ್ಲ. ಮಕ್ಕಳು ಜೊತೆಗಿಲ್ಲದವರು ಅಲ್ಲಿ ಕೂಲಿ ಕೊಟ್ಟು ತಳ್ಳಿಸಿಕೊಳ್ಳುತ್ತಾರೆ. ತಳ್ಳುವವನೂ ನಮ್ಮಂತೆ ಬೆವರು ಸುರಿಸುವವನೇ. ದಾನದ ಲೆಕ್ಕದಲ್ಲಿ ಅವನ ಕೂಲಿಯೂ ಸೇರಬೇಕು. ಅದರಲ್ಲಿ ಚೌಕಾಸಿ ಬೇಡ.

1995ರ ವರೆಗೆ ಯಾತ್ರಿಕರ ಹಡಗು ಇದೇ ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿತ್ತು. ಇಂದು ವಿಮಾನದಲ್ಲಿ ಹೋಗುತ್ತಾರೆ. ಮುಪ್ಪು ಮಾತ್ರ ಅದೇ ಮುಪ್ಪು. ನಮ್ಮ ಜೊತೆ ಒಂದೇ ಅಡುಗೆಮನೆಯಲ್ಲಿ ಬೇಯುವ ಗೆಳೆಯನ ತಾಯಿ ಈ ಸಲ ಹೊರಟಿದ್ದರೆ, ಜಾತಿ ಮತ ಕೇಳದೆ ನಮ್ಮ ಹತ್ತು ರೂಪಾಯಿಯೂ ಆ ಗಾಲಿಗೆ ಸೇರಲಿ.