ಆಪರೇಟರ್ ಕ್ಯಾಬಿನ್‌ನಿಂದ... ಕಣ್ಣಪ್ಪ ಕಣ್ಣು ಕೀಳೋ ಹೊತ್ತಿಗೆ ಡಿಸ್ಕ್ ನಿಂತಿತು!



ಈ ವಾರ ತಾರೆಯರ ಜಗಳ ಇಲ್ಲ, ಗುಸುಗುಸು ಇಲ್ಲ. ಒಂದು ತಟ್ಟೆಯ ಕಥೆ ಹೇಳ್ತೀನಿ. ಊಟದ ತಟ್ಟೆ ಅಲ್ಲ ಸ್ವಾಮಿ, ಡಿವಿಡಿ ತಟ್ಟೆ!

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಹುಡುಗನೊಬ್ಬ ಬಂದು ಬಾಗಿಲು ಬಡಿದ. ಮುಖ ನೋಡಿದರೆ ಮೊದಲ ದಿನದ ಮೊದಲ ಆಟಕ್ಕೆ ಟಿಕೆಟ್ ಸಿಗದವನ ಹಾಗಿತ್ತು.

"ಅಣ್ಣಾ, ಅಜ್ಜಿಗೆ 'ಬೇಡರ ಕಣ್ಣಪ್ಪ' ತೋರಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ. ಸಿನಿಮಾ ಇಳಿಸಿಕೊಂಡೆ, ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಓಡುತ್ತೆ. ಡಿಸ್ಕಿಗೆ ಹಾಕಿ ಪ್ಲೇಯರಿಗೆ ಕೊಟ್ಟರೆ ಉಗಿಯುತ್ತೆ!"

1954ರಲ್ಲಿ ತೆರೆ ಕಂಡ ಚಿತ್ರ. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಅಣ್ಣಾವ್ರು ನಾಯಕರಾದ ಮೊದಲ ಚಿತ್ರ. ಅಜ್ಜಿ ಅದನ್ನು ಹತ್ತು ವರ್ಷದ ಹುಡುಗಿಯಾಗಿದ್ದಾಗ ಟೆಂಟಿನಲ್ಲಿ, ನೆಲದ ಮೇಲೆ ಕೂತು ನೋಡಿದ್ದಂತೆ. ಈಗ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ಮೊಬೈಲಿನ ಅಂಗೈಯಗಲದ ತೆರೆ ಕಣ್ಣಿಗೆ ಕಾಣೋಲ್ಲ. ಮಂಚದ ಎದುರಿಗಿರೋದು ಹಳೇ ಡಬ್ಬಾ ಟೀವಿ, ಅದರ ಕೆಳಗೆ ಕೆಂಪು, ಬಿಳಿ, ಹಳದಿ ವೈರಿನ ಡಿವಿಡಿ ಪ್ಲೇಯರ್. ಅಷ್ಟೇ ಅವರ ಟಾಕೀಸು.

"ಅಲ್ಲಯ್ಯಾ, ಫೈಲನ್ನು ಇದ್ದ ಹಾಗೇ ಡಿಸ್ಕಿಗೆ ತುಂಬಿದೆಯಾ?" ಅಂದೆ. ಹೌದಂತೆ!

ಇಲ್ಲೇ ನೋಡಿ ನೂರಕ್ಕೆ ತೊಂಬತ್ತು ಜನ ಎಡವೋದು. ಹಳೇ ಡಿವಿಡಿ ಪ್ಲೇಯರಿಗೆ ಬರೋ ಭಾಷೆ ಮುಖ್ಯವಾಗಿ ಒಂದೇ, ಎಂಪೆಗ್-2. ಇವತ್ತು ನೀವು ಇಳಿಸಿಕೊಳ್ಳುವ ಎಂಪಿ4, ಎಂಕೆವಿ ಫೈಲುಗಳ ಒಳಗಿರೋದು ಹೆಚ್ಚಾಗಿ ಎಚ್.264 ಅನ್ನೋ ಬೇರೆ ಭಾಷೆ. ಕನ್ನಡ ಬಿಟ್ಟು ಬೇರೇನೂ ಬಾರದ ಅಜ್ಜಿಯ ಮುಂದೆ ಫ್ರೆಂಚ್ ಸಿನಿಮಾ ಹಾಕಿದ ಹಾಗೆ! ಆದ್ದರಿಂದ ಡಬ್ಬಿಂಗ್ ಆಗಲೇಬೇಕು. ಡಬ್ಬಿಂಗ್ ವಿರೋಧಿಗಳು ಸಿಟ್ಟಾಗಬೇಡಿ, ಇದು ಬರೀ ಫೈಲಿನ ಡಬ್ಬಿಂಗ್!

ನಿಮ್ಮ ಪ್ಲೇಯರಿನ ಮುಖದ ಮೇಲೆ ಡಿವ್‌ಎಕ್ಸ್ ಮುದ್ರೆ ಇದೆಯಾ ಮೊದಲು ನೋಡಿ. ಇದ್ದರೆ ಕೆಲವು ಎವಿಐ ಫೈಲುಗಳು ನೇರವಾಗಿ ಓಡಬಹುದು. ಇಲ್ಲದಿದ್ದರೆ ಪೂರಾ ಡಿವಿಡಿಯನ್ನೇ ಮಾಡಬೇಕು. 'ಡಿವಿಡಿ ಸ್ಟೈಲರ್' ಅನ್ನೋ ಪ್ರೋಗ್ರಾಂ ಪುಕ್ಕಟೆ ಸಿಗುತ್ತೆ. ಹೆಸರುವಾಸಿ 'ಹ್ಯಾಂಡ್‌ಬ್ರೇಕ್' ಈ ಕೆಲಸಕ್ಕೆ ಬರೋಲ್ಲ, ಅದು ಡಿವಿಡಿ ಮಾಡಿಕೊಡೋದಿಲ್ಲ.

ಲೆಕ್ಕ ಬರೆದುಕೊಳ್ಳಿ. ಪದ್ಧತಿ ನಮ್ಮ ದೇಶದ ಪಾಲ್. ಚಿತ್ರದ ಅಳತೆ 720 ಅಡ್ಡ, 576 ಉದ್ದ. ಸೆಕೆಂಡಿಗೆ 25 ಚಿತ್ರ. ಧ್ವನಿ ಎಸಿ-3, 48 ಕಿಲೋಹರ್ಟ್ಜ್. ಡಿಸ್ಕಿನ ಮೇಲೆ 4.7 ಜಿಬಿ ಅಂತ ಬರೆದಿದ್ದರೂ ಕಂಪ್ಯೂಟರ್ ಎಣಿಸೋದು ಸುಮಾರು 4.38 ಮಾತ್ರ. ಎರಡೂವರೆ ಗಂಟೆಯ ಚಿತ್ರವಾದರೆ ಸೆಕೆಂಡಿಗೆ 3.8 ಮೆಗಾಬಿಟ್ ಇಟ್ಟರೆ ಧ್ವನಿಯೂ ಸೇರಿ ಹಿಡಿಸುತ್ತೆ. ಅಂದ ಹಾಗೆ, ಮಬ್ಬು ಫೈಲು ಡಿವಿಡಿ ಆದ ಮಾತ್ರಕ್ಕೆ ಫಳಫಳ ಅನ್ನೋಲ್ಲ. ನೀರು ಮಜ್ಜಿಗೆಯನ್ನು ಬೆಳ್ಳಿ ಲೋಟಕ್ಕೆ ಹುಯ್ದರೂ ನೀರು ಮಜ್ಜಿಗೆಯೇ!

ಹುಡುಗ ಓಡಿದ. ರಾತ್ರಿ ಮತ್ತೆ ಹಾಜರ್. "ಅಣ್ಣಾ, ಓಡ್ತು. ಆದ್ರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣ್ತಾರೆ. ನರಸಿಂಹರಾಜು ಪೈಲ್ವಾನ್ ಥರಾ ಇದ್ದಾರೆ!"

ನನಗೆ ನಗು ತಡೆಯೋಕಾಗಲಿಲ್ಲ. ಅಂಥ ಸಣಕಲು ದೇಹಕ್ಕೆ ಈ ಗತಿಯೇ! ಆ ಕಾಲದ ಚಿತ್ರದ ಚೌಕಟ್ಟು ಹೆಚ್ಚುಕಮ್ಮಿ 4:3. ಇವನು 16:9 ಅಂತ ಒತ್ತಿ ಅಗಲಕ್ಕೆ ಎಳೆದುಬಿಟ್ಟಿದ್ದ. ಹಳೇ ಚಿತ್ರಕ್ಕೆ 4:3, ಈಗಿನ ಅಗಲ ತೆರೆಯ ಚಿತ್ರಕ್ಕೆ 16:9. ಸಿನಿಮಾಸ್ಕೋಪ್ ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರಲಿ ಬಿಡಿ. ಪಟ್ಟಿ ಅಳಿಸೋಕೆ ಹೋಗಿ ನಾಯಕಿಯ ತಲೆ ಕತ್ತರಿಸಬೇಡಿ.

ಮಾರನೇ ದಿನ ಸಂಜೆ ಅಜ್ಜಿಯ ಮನೆಗೆ ನಾನೂ ಹೋದೆ. ಅಜ್ಜಿ ದಿಂಬಿಗೆ ಒರಗಿ ಕೈ ಮುಗಿದು ಕೂತಿದ್ದರು. ಚಿತ್ರ ಸೊಗಸಾಗಿ ಓಡಿತು. ಶಿವಲಿಂಗದ ಕಣ್ಣಿನಲ್ಲಿ ರಕ್ತ ಸುರೀತು. ಕಣ್ಣಪ್ಪ ಬಾಣ ಕೈಗೆತ್ತಿಕೊಂಡ... ಅಷ್ಟೇ! ಚೌಕ ಚೌಕ ಚೂರುಗಳಾಗಿ ಚಿತ್ರ ನಿಂತೇಹೋಯಿತು.

"ಇದ್ಯಾಕೋ ಮಗಾ, ಕಣ್ಣು ಕೊಡೋದೇ ಕಾಣಲಿಲ್ಲ" ಅಂದರು ಅಜ್ಜಿ. ಹುಡುಗ ತಲೆ ಎತ್ತಲಿಲ್ಲ. ನಮ್ಮ ಕಾಲದಲ್ಲಿ ರೀಲು ಕಿತ್ತರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ, ಬೈಗುಳ ಬರ್ತಿತ್ತು. ಅದನ್ನಾದರೂ ತಡಕೋಬಹುದಿತ್ತು ಕಣ್ರೀ, ಆ ಮುದುಕಿಯ ಮಾತು ತಡಕೊಳ್ಳೋಕಾಗಲಿಲ್ಲ.

ತಪ್ಪು ಎಲ್ಲಿ? ಡಿಸ್ಕು ಬರೆಯೋದು ನಡುವಿನ ತೂತಿನ ಕಡೆಯಿಂದ ಅಂಚಿನ ಕಡೆಗೆ. ಚಿತ್ರದ ಕ್ಲೈಮ್ಯಾಕ್ಸ್ ಬೀಳೋದು ಅಂಚಿನಲ್ಲಿ, ಬೆರಳಿನ ಗುರುತು, ಗೀರು, ಬರಹದ ದೋಷ ಹೆಚ್ಚಾಗಿ ಕಾಡೋದೂ ಅಲ್ಲೇ. ನಮ್ಮ ಹುಡುಗ ಅಗ್ಗದ ಡಿಸ್ಕನ್ನು ಅಂಚಿನ ತನಕ ಗಿಡಿದು ತುಂಬಿ, 16ರ ವೇಗದಲ್ಲಿ ಸುಟ್ಟಿದ್ದ. ಸ್ವಲ್ಪ ಜಾಗ ಖಾಲಿ ಬಿಡಿ, ಒಳ್ಳೇ ಕಂಪನಿಯ ಡಿವಿಡಿ-ಆರ್ ತನ್ನಿ, 4 ಅಥವಾ 8ರ ವೇಗಕ್ಕೆ ಇಳಿಸಿ, ಕೊನೆಗೆ ಡಿಸ್ಕನ್ನು 'ಫೈನಲೈಸ್' ಮಾಡೋದು ಮರೀಬೇಡಿ. ಸುಡೋದಕ್ಕೆ ಮುಂಚೆ ತಯಾರಾದ 'ವಿಡಿಯೋ_ಟಿಎಸ್' ಫೋಲ್ಡರನ್ನು ಕಂಪ್ಯೂಟರ್‌ನಲ್ಲೇ ಒಮ್ಮೆ ಓಡಿಸಿ ನೋಡಿ. ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ಹೆಸರು ಬರೆಯೋಕೆ ಮಾರ್ಕರ್ ಸಾಕು.

ಈಗ ಒಂದು ಕಟು ಮಾತು. 'ಅಣ್ಣಾ, ಹೋದ ಶುಕ್ರವಾರ ಬಂದ ಚಿತ್ರಕ್ಕೂ ಹೀಗೇ ಮಾಡಬಹುದಾ?' ಅಂತ ಕೇಳೋ ಭೂಪರು ನಿಮ್ಮಲ್ಲೇ ಇದ್ದೀರಿ. ಬೇಡಿ! ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ವರ್ಷ ಕಳೆದ ಮೇಲೆ 60 ವರ್ಷ. 1954ರ ಚಿತ್ರದ ಹಕ್ಕು 2014ಕ್ಕೇ ಮುಗಿಯಿತು. ಕಥೆ, ಹಾಡು, ಸಂಗೀತದ ಹಕ್ಕಿನ ಲೆಕ್ಕ ಬೇರೆ, ಅದಕ್ಕೇ ಡಿಸ್ಕು ಮಾಡಿ ಮಾರೋಕೆ ಹೊರಡಬೇಡಿ. ಹೊಸ ಚಿತ್ರವನ್ನು ಥಿಯೇಟರಿನಲ್ಲಿ ಕದ್ದು ಹಿಡಿಯುವವರಿಗೆ 2023ರ ತಿದ್ದುಪಡಿಯಲ್ಲಿ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ದಂಡ. ಕಟೌಟಿಗೆ ಹಾಲು ಸುರಿದು ಬಂದು, ಮನೇಲಿ ಕಳ್ಳ ಕಾಪಿ ನೋಡುವವನು ಎಂಥ ಅಭಿಮಾನಿ, ನೀವೇ ಹೇಳಿ!

ಇರಲಿ. ಬುಧವಾರ ಹೊಸ ಡಿಸ್ಕು ತಯಾರಾಯಿತು. ಅಜ್ಜಿ ಮೊದಲಿನಿಂದಲೇ ಹಾಕಿ ಅಂದರು. ಕೊನೆಗೆ ಆ ಘಟ್ಟ ಬಂತು. ಹುಡುಗ ಟೀವಿ ನೋಡಲೇ ಇಲ್ಲ, ಪ್ಲೇಯರಿನ ಹಸಿರು ಅಂಕಿಯನ್ನೇ ದಿಟ್ಟಿಸುತ್ತಿದ್ದ. ಅದು ನಿಲ್ಲಲಿಲ್ಲ. ಕಣ್ಣಪ್ಪ ಕಣ್ಣು ಕೊಟ್ಟ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದ್ದು ಒಂದೇ ಮಾತು:

"ನಾಳೆ ಇನ್ನೊಂದಾಟ ಹಾಕ್ತೀಯೇನೋ?"

ಮುಂದಿನ ವಾರ ಸಿಗೋಣ. ನಿಮ್ಮ ಮನೆಯ ಅಜ್ಜಿ, ತಾತ ಯಾವ ಚಿತ್ರ ಕೇಳ್ತಾರೆ? ವಿಚಾರಿಸಿ ಒಂದು ಕಾರ್ಡು ಹಾಕಿ!